ಗಲ್ಫ್‌ನಿಂದ ಬಂದ ರೌಟರಿಗೆ ಇಲ್ಲಿನ ಚಾನೆಲ್ ಅಗಲ ಹೊಂದಿಸುವುದು

ಮಂಜೇಶ್ವರ, ಬದಿಯಡ್ಕ ಕಡೆಯ ಮನೆಗಳಿಗೆ ಗಲ್ಫ್‌ನಿಂದ ತಂದ ರೌಟರಿಗೆ ಓಪನ್‌ವರ್ಟ್ (OpenWrt, ರೌಟರಿನ ಮುಕ್ತ ಸಾಫ್ಟ್‌ವೇರ್) ಹಾಕಿ 160 ಮೆಗಾಹರ್ಟ್ಸ್ ಚಾನೆಲ್ ಅಗಲ ಆರಿಸಿದರೆ, ಕೆಲವೊಮ್ಮೆ 5 ಗಿಗಾಹರ್ಟ್ಸ್ ವೈಫೈ ಹೆಸರೇ ಫೋನಿನಲ್ಲಿ ಕಾಣುವುದಿಲ್ಲ. ರೌಟರ್ ಕೆಟ್ಟಿತೆಂದು ಬಿಚ್ಚಬೇಡಿ. ಹೆಚ್ಚಾಗಿ, ಆ ಚಾನೆಲಿನಲ್ಲಿ ಅಷ್ಟು ಅಗಲಕ್ಕೆ ಅನುಮತಿ ಇರುವುದಿಲ್ಲ.

ರೌಟರಿಗೆ ಆಜ್ಞೆ ಕೊಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ‘ಐಡಬ್ಲ್ಯೂ ರೆಗ್ ಗೆಟ್’ (iw reg get) ಕೊಡಿ. ದೇಶದ ಜಾಗದಲ್ಲಿ 00 ಬಂದರೆ ದೇಶ ಯಾವುದೆಂದು ಸಾಫ್ಟ್‌ವೇರಿಗೆ ತಿಳಿದಿಲ್ಲ. ಆಗ 5 ಗಿಗಾಹರ್ಟ್ಸ್ ಸಾಲುಗಳಲ್ಲಿ ‘ಪ್ಯಾಸಿವ್-ಸ್ಕ್ಯಾನ್’ ಇರುತ್ತದೆ. ಅಲ್ಲಿ ಕೇಳಬಹುದು, ತಾನಾಗಿ ಸಿಗ್ನಲ್ ಹೊರಡಿಸುವಂತಿಲ್ಲ. ಓಪನ್‌ವರ್ಟ್‌ನ ಸೆಟ್ಟಿಂಗ್ ಪುಟವಾದ ಲೂಸಿಯಲ್ಲಿ ವೈರ್‌ಲೆಸ್, ಎಡಿಟ್, ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಕಂಟ್ರಿ ಕೋಡ್ ‘ಐಎನ್’ (IN, ಭಾರತ) ಮಾಡಿ ಸೇವ್ ಮಾಡಿ, ಅಪ್ಲೈ ಮಾಡಿ. ಹೆಚ್ಚು ಅಗಲ ಸಿಗುತ್ತದೆಂದು ಬೇರೆ ದೇಶದ ಕೋಡ್ ಹಾಕುವುದು ತಪ್ಪು. ಕಾನೂನು ನೀವು ಇರುವ ನೆಲದ್ದು.

ಮತ್ತೆ ಅದೇ ಆಜ್ಞೆ ಕೊಟ್ಟು ಸಾಲುಗಳನ್ನು ಓದಿ. ಮೊದಲ ಎರಡು ಸಂಖ್ಯೆ ಆವರ್ತನದ (ಫ್ರೀಕ್ವೆನ್ಸಿಯ) ಎಲ್ಲೆ, ‘@’ ಆದ ಮೇಲಿನದು ಗರಿಷ್ಠ ಅಗಲ, ಮುಂದಿನ ಆವರಣದ ಕೊನೆಯ ಸಂಖ್ಯೆ ಶಕ್ತಿಯ ಮಿತಿ. 20 ಡಿಬಿಎಂ ಎಂದರೆ 100 ಮಿಲಿವ್ಯಾಟ್. ಪಕ್ಕಪಕ್ಕದ ಎರಡು ಸಾಲುಗಳು ಸೇರಿ ಅಗಲವಾಗಬೇಕಾದರೆ ಎರಡರಲ್ಲೂ ‘ಆಟೊ-ಬಿಡಬ್ಲ್ಯೂ’ ಇರಬೇಕು.

ಎಡವುವುದು ಇಲ್ಲೇ: ಅಗಲದ ಪೂರ್ತಿ ಪಟ್ಟಿ (ಆವರ್ತನದ ಹರವು) ಎಲ್ಲೆಯೊಳಗೆ ಕೂರಬೇಕು. 2018ರ ಅಧಿಸೂಚನೆಯಂತೆ ಭಾರತದಲ್ಲಿ 5 ಗಿಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಪಟ್ಟಿಗಳು ಮೆಗಾಹರ್ಟ್ಸ್‌ನಲ್ಲಿ 5150–5350 ಮತ್ತು 5470–5875. ಚಾನೆಲ್ 149ರಲ್ಲಿ 80 ಇಟ್ಟರೆ 5735ರಿಂದ 5815, ಸಲೀಸು. ಅಲ್ಲೇ 160 ಇಟ್ಟರೆ 5895ರವರೆಗೆ ಚಾಚುತ್ತದೆ, ಎಲ್ಲೆ 20 ಮೆಗಾಹರ್ಟ್ಸ್ ದಾಟಿತು. ಚಾನೆಲ್ 165ರಲ್ಲಿ 80 ಕೇಳಿದರೂ ಇದೇ ಗತಿ.

ಚಾನೆಲ್ 36ರಲ್ಲಿ 160 ಇಟ್ಟರೆ 5170ರಿಂದ 5330ರವರೆಗೆ ಹೋಗುತ್ತದೆ. ಮೇಲಿನರ್ಧದ ಸಾಲಿನಲ್ಲಿ ‘ಡಿಎಫ್‌ಎಸ್’ (ರೇಡಾರಿಗೆ ದಾರಿ ಬಿಡುವ ನಿಯಮ) ಇದ್ದರೆ ರೌಟರ್ ರೇಡಾರ್ ಇದೆಯೇ ಎಂದು ಸಾಮಾನ್ಯವಾಗಿ 60 ಸೆಕೆಂಡು ಕಿವಿಗೊಟ್ಟು ನಂತರವೇ ಹೆಸರು ತೋರಿಸುತ್ತದೆ. ಕಾಯದೆ ರೀಸ್ಟಾರ್ಟ್ ಮಾಡಿದರೆ ಎಣಿಕೆ ಮೊದಲಿನಿಂದ ಶುರು. ರೇಡಾರ್ ಕಂಡರೆ ಆ ಚಾನೆಲನ್ನು 30 ನಿಮಿಷ ಬಿಡಬೇಕು.

ನಮ್ಮ ಮುರಕಲ್ಲಿನ ದಪ್ಪ ಗೋಡೆಗಳಿಗೆ ಅಗಲ ಕಡಿಮೆಯಿದ್ದಷ್ಟೂ ಒಳ್ಳೆಯದು. ಅಗಲ ಇಮ್ಮಡಿಯಾದಾಗಲೆಲ್ಲ ಸಿಗ್ನಲಿನೊಡನೆ ಸೇರುವ ಗದ್ದಲ 3 ಡಿಬಿ, ಅಂದರೆ ಇಮ್ಮಡಿ, ಏರುತ್ತದೆ. ರೌಟರ್ ಇರುವ ಕೋಣೆಗೆ 80, ಎರಡು ಗೋಡೆಯಾಚೆಗೆ 40, ಅಡಿಕೆ ತೋಟದ ಪಂಪ್‌ಶೆಡ್ಡಿನವರೆಗೆ 2.4 ಗಿಗಾಹರ್ಟ್ಸ್‌ನಲ್ಲಿ 20 ಇಡಿ. ಕೊನೆಗೆ ‘ಐಡಬ್ಲ್ಯೂ ಡೆವ್’ (iw dev) ಕೊಟ್ಟು ‘ವಿಡ್ತ್’ ನೋಡಿ. ಸೆಟ್ಟಿಂಗಿನಲ್ಲಿ ಬರೆದದ್ದಲ್ಲ, ನಿಜವಾಗಿ ನಡೆಯುತ್ತಿರುವ ಅಗಲ ಅಲ್ಲಿರುತ್ತದೆ.