ಎಸ್‌ಟಿಪಿ ನೀರು ಹಳ್ಳ ಸೇರುವ ಮುನ್ನ: ಅರ್ಧ ಗಂಟೆಯ ಜಾಡಿ ಪರೀಕ್ಷೆ

ಸಣ್ಣ ಬಡಾವಣೆಯ ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ) ನೀರನ್ನು ಶುದ್ಧ ಮಾಡುವುದು ಗಾಳಿ ಊದುವ ಏರೇಷನ್ ಟ್ಯಾಂಕಿನ ಕಂದು ಕೆಸರಿನಲ್ಲಿರುವ ಬ್ಯಾಕ್ಟೀರಿಯಾ. ಅವು ಕೊಳಕನ್ನು ತಿಂದು, ಗುಂಪುಗೂಡಿ, ಮುಂದಿನ ಸೆಟ್ಲಿಂಗ್ ಟ್ಯಾಂಕಿನಲ್ಲಿ ತಳ ಸೇರಬೇಕು. ಸೇರದಿದ್ದರೆ ಕೆಸರು ತೇಲಿಕೊಂಡು ಹಳ್ಳಕ್ಕೆ ಹೋಗಿ, ಅಲ್ಲಿ ಕೊಳೆಯುತ್ತಾ ಮೀನಿಗೆ ಬೇಕಾದ ಆಮ್ಲಜನಕವನ್ನು ಹೀರುತ್ತದೆ. ಇದರ ಮುನ್ಸೂಚನೆ ಪಡೆಯಲು ಗೆರೆ ಹಾಕಿದ ಒಂದು ಲೀಟರಿನ ಪಾರದರ್ಶಕ ಜಾಡಿ ಮತ್ತು ಗಡಿಯಾರ ಸಾಕು.

ದಿನವೂ ಒಂದೇ ಹೊತ್ತಿಗೆ, ಗಾಳಿ ಊದುವ ಬ್ಲೋವರ್ ಓಡುತ್ತಿರುವಾಗ, ಕೈಗವಸು ಹಾಕಿಕೊಂಡು ಏರೇಷನ್ ಟ್ಯಾಂಕಿನಿಂದ ನೀರು ಹೊರಹೋಗುವ ಕಡೆ ಮಾದರಿ ತೆಗೆಯಿರಿ. ಮೇಲಿನ ನೊರೆ ಸೇರಬಾರದು. ತಕ್ಷಣ ಜಾಡಿಯಲ್ಲಿ ಒಂದು ಲೀಟರಿನ ಗೆರೆಯವರೆಗೆ ತುಂಬಿ, ಬಿಸಿಲು ಮತ್ತು ಅದುರುವಿಕೆ ಇಲ್ಲದ ಕಡೆ ಇಡಿ. 5ನೇ ಮತ್ತು 30ನೇ ನಿಮಿಷದಲ್ಲಿ ಕೆಸರಿನ ಮಟ್ಟ ಬರೆದುಕೊಳ್ಳಿ.

ಅರ್ಧ ಗಂಟೆಗೆ ಕೆಸರು 200ರಿಂದ 300 ಮಿ.ಲೀ.ಗೆ ಇಳಿದು ಮೇಲಿನ ನೀರು ತಿಳಿಯಾಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಈ ಅಂಕಿಯನ್ನು 1000ದಿಂದ ಗುಣಿಸಿ, ಲ್ಯಾಬ್ ಕೊಟ್ಟ ಎಂಎಲ್‌ಎಸ್‌ಎಸ್‌ನಿಂದ (ಟ್ಯಾಂಕಿನ ಒಂದು ಲೀಟರಿನಲ್ಲಿ ಎಷ್ಟು ಮಿ.ಗ್ರಾಂ ಕೆಸರಿದೆ ಎಂಬ ಅಂಕಿ) ಭಾಗಿಸಿದರೆ ಎಸ್‌ವಿಐ, ಅಂದರೆ ಕೆಸರು ಎಷ್ಟು ಚೆನ್ನಾಗಿ ಕೂರುತ್ತದೆ ಎಂಬ ಸೂಚ್ಯಂಕ, ಸಿಗುತ್ತದೆ. ಮಟ್ಟ 250, ಎಂಎಲ್‌ಎಸ್‌ಎಸ್ 2,500 ಇದ್ದರೆ ಎಸ್‌ವಿಐ 100: ಒಳ್ಳೆಯ ಕೆಸರು. 150 ದಾಟಿದರೆ ಎಚ್ಚರ.

ಮಟ್ಟ ಮೇಲೆಯೇ ನಿಂತರೆ ಗಾಬರಿಯಿಂದ ಕೆಸರು ಹೊರಹಾಕಬೇಡಿ. ಇನ್ನೊಂದು ಜಾಡಿಯಲ್ಲಿ ಅರ್ಧ ಮಾದರಿ, ಅರ್ಧ ಕ್ಲೋರಿನ್ ಹಾಕದ ಸಂಸ್ಕರಿಸಿದ ನೀರು ಬೆರೆಸಿ ಮತ್ತೆ ನೋಡಿ. ಮಟ್ಟ ಮೊದಲಿನ ಅರ್ಧಕ್ಕಿಂತಲೂ ತೀರಾ ಕೆಳಗಿಳಿದರೆ ಕೆಸರು ಹೆಚ್ಚಾಗಿ ಒತ್ತೊತ್ತಾಗಿದೆ ಎಂದರ್ಥ. ಆಗ ಹೆಚ್ಚುವರಿ ಕೆಸರನ್ನು ಹೊರಹಾಕಿ, ಆದರೆ ಹೊರಹಾಕುವ ಪ್ರಮಾಣವನ್ನು ದಿನಕ್ಕೆ ಶೇ 10ರಿಂದ 15ಕ್ಕಿಂತ ಹೆಚ್ಚು ಏರಿಸಬೇಡಿ. ಅಮೋನಿಯಾ ತೆಗೆಯುವ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ. ಒಮ್ಮೆ ಕಳೆದುಕೊಂಡರೆ ಮತ್ತೆ ಬೆಳೆಯಲು ವಾರಗಳೇ ಬೇಕು, ಅಷ್ಟೂ ದಿನ ಅಮೋನಿಯಾ ಹಳ್ಳದ ಪಾಲು.

ಬೆರೆಸಿದ ಮೇಲೂ ಮಟ್ಟ ಹೆಚ್ಚು ಇಳಿಯದಿದ್ದರೆ ಎಳೆಯಂಥ ಬ್ಯಾಕ್ಟೀರಿಯಾ ಹೆಚ್ಚಿವೆ. ಗಾಳಿಯ ಕೊರತೆ ಇದಕ್ಕೆ ಸಾಮಾನ್ಯ ಕಾರಣ. ಏರೇಷನ್ ಟ್ಯಾಂಕಿನ ಡಿಒ (ನೀರಿನಲ್ಲಿ ಕರಗಿದ ಆಮ್ಲಜನಕ) ಮೀಟರ್‌ನಲ್ಲಿ ಲೀಟರಿಗೆ 2 ಮಿ.ಗ್ರಾಂ ಆಸುಪಾಸು ಇರಬೇಕು. ಒಂದೇ ಕಡೆ ದೊಡ್ಡ ಗುಳ್ಳೆಗಳು ಕುದಿಯುವಂತೆ ಏಳುತ್ತಿದ್ದರೆ ಅಲ್ಲಿನ ಡಿಫ್ಯೂಸರ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಭಾಗ) ಹರಿದಿರಬಹುದು.

ಜಾಡಿಯನ್ನು ಆಗಲೇ ಚೆಲ್ಲಬೇಡಿ. ಇನ್ನೂ ಒಂದೂವರೆ ಗಂಟೆ ಬಿಡಿ. ಕೂತ ಕೆಸರು ಅಷ್ಟರಲ್ಲಿ ಗಡ್ಡೆಗಡ್ಡೆಯಾಗಿ ಮೇಲೆದ್ದರೆ, ಆಮ್ಲಜನಕ ಮುಗಿದು ನೈಟ್ರೇಟ್‌ನಿಂದ ಸಾರಜನಕ ಗುಳ್ಳೆ ಹುಟ್ಟುತ್ತಿದೆ. ಸೆಟ್ಲಿಂಗ್ ಟ್ಯಾಂಕಿನಲ್ಲೂ ಹೀಗೇ ಆಗುತ್ತದೆ. ಕೂತ ಕೆಸರನ್ನು ಏರೇಷನ್ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪಂಪಿನ ಹರಿವು ಸ್ವಲ್ಪ ಹೆಚ್ಚಿಸಿ, ಕೆಸರು ಬಹಳ ಹೊತ್ತು ತಳದಲ್ಲಿ ಉಳಿಯದಂತೆ ನೋಡಿಕೊಳ್ಳಿ.

ಜಾಡಿ ಚೆನ್ನಾಗಿದ್ದೂ ಮಳೆ ಬಂದಾಗ ಮಾತ್ರ ಕೆಸರು ಹೊರಹೋದರೆ ಮಳೆ ನೀರು ಒಳಚರಂಡಿಗೆ ಸೇರುತ್ತಿದೆಯೇ ಎಂದು ಮ್ಯಾನ್‌ಹೋಲ್ ಮುಚ್ಚಳ, ಛಾವಣಿ ನೀರಿನ ಕೊಳವೆ ಪರೀಕ್ಷಿಸಿ.

ಕ್ಲೋರಿನ್ ಬಳಸುವ ಘಟಕದಲ್ಲಿ ಉಳಿದ ಕ್ಲೋರಿನ್ ಅತ್ಯಲ್ಪವಿದ್ದರೂ ಮೀನಿಗೆ ವಿಷ. ಪ್ರತಿ 1 ಮಿ.ಗ್ರಾಂ ಕ್ಲೋರಿನ್‌ಗೆ ಸುಮಾರು 1.5 ಮಿ.ಗ್ರಾಂ ಸೋಡಿಯಂ ಬೈಸಲ್ಫೈಟ್ ಹಾಕಿ ಅದನ್ನು ತೆಗೆದೇ ನೀರು ಬಿಡಬೇಕು.

ಹಳ್ಳದ ಡಿಒ ಅಳೆಯಲು ಸೂರ್ಯೋದಯಕ್ಕೆ ಮುಂಚಿನ ಹೊತ್ತೇ ಸರಿ. ರಾತ್ರಿಯಿಡೀ ಪಾಚಿ ಆಮ್ಲಜನಕ ಬಳಸಿರುವುದರಿಂದ ಆಗ ಅದು ಕನಿಷ್ಠ ಮಟ್ಟದಲ್ಲಿರುತ್ತದೆ. ಎಸ್‌ಟಿಪಿ ನೀರು ಹಳ್ಳ ಸೇರುವ ಕೊಳವೆಗಿಂತ ಹರಿವಿನ ಮೇಲ್ಭಾಗ, ಕೆಳಭಾಗ ಎರಡೂ ಕಡೆ ಅಳೆಯಿರಿ. ನೀರಿಗೆ ಇಳಿಯುವುದಾದರೆ ಕೆಳಭಾಗದಿಂದಲೇ ಶುರು ಮಾಡಿ. ಇಲ್ಲದಿದ್ದರೆ ನಿಮ್ಮ ಕಾಲು ಕದಡಿದ ಮಣ್ಣೇ ಮುಂದಿನ ಮಾದರಿಗೆ ಬಂದು ಸೇರುತ್ತದೆ.