ಕನ್ನಡ ಬೋರ್ಡ್ ಬರೆಯುವಾಗ ನಾನು ಮೊದಲು ನೋಡೋದು ಒತ್ತಕ್ಷರ

ನಾನು ಬಳ್ಳಾರಿಯಲ್ಲಿ ಅಂಗಡಿ ಬೋರ್ಡ್ ಬರೆಯುತ್ತೇನೆ. ಬ್ರಷ್, ಎನಾಮಲ್ ಪೇಂಟು, ಸೀಮೆಸುಣ್ಣ ಹಚ್ಚಿದ ದಾರ, ಇಷ್ಟೇ ಸಾಮಾನು. ಕಲಿಯೋಕೆ ಬರುವವರು ಮೊದಲು ಅಕ್ಷರದ ಎತ್ತರ ಎಷ್ಟಿರಬೇಕು ಅಂತ ಕೇಳುತ್ತಾರೆ. ಅದಕ್ಕೂ ಮುಂಚೆ ಅಕ್ಷರದ ಕೆಳಗೆ ಎಷ್ಟು ಜಾಗ ಬೇಕು ಅಂತ ನೋಡಬೇಕು.

‘ಶ್ರೀ ಲಕ್ಷ್ಮೀ ಸ್ಟೋರ್ಸ್’ ಅನ್ನೋ ಹೆಸರನ್ನೇ ತಗೊಳ್ಳಿ. ಶ್ರೀಗೆ ರ ಒತ್ತು, ಸ್ಟೋಗೆ ಟ ಒತ್ತು. ಲಕ್ಷ್ಮೀಯಲ್ಲಂತೂ ಕ್ಷ ಕೆಳಗೆ ಮ ಒತ್ತು, ತಲೆ ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. ಹಾಗಾಗಿ ನಾನು ದಾರದಿಂದ ಮೂರು ಗೆರೆ ಹೊಡೆಯುತ್ತೇನೆ: ತಲಕಟ್ಟಿಗೆ ಒಂದು, ಅಕ್ಷರದ ಬುಡಕ್ಕೆ ಒಂದು, ಒತ್ತಿನ ತುದಿಗೆ ಒಂದು. ಅಕ್ಷರ 10 ಇಂಚಾದರೆ ಒತ್ತಿಗೆ ಸುಮಾರು 5 ಇಂಚು. ಎರಡು ಸಾಲಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗದ ಹಾಗೆ ಪದವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಎಲ್ಲವನ್ನೂ ಸೀಮೆಸುಣ್ಣದಲ್ಲೇ ಗುರುತು ಮಾಡಿಕೊಂಡು, ಆಮೇಲೆ ಬ್ರಷ್ ಹಿಡಿಯುತ್ತೇನೆ.

ಇಂಗ್ಲಿಷಿನ ದೊಡ್ಡಕ್ಷರಕ್ಕೆ ಈ ತಾಪತ್ರಯ ಇಲ್ಲ, ಮೇಲೂ ಸಮ ಕೆಳಗೂ ಸಮ. ಎರಡಕ್ಕೂ ಒಂದೇ ಎತ್ತರದ ಜಾಗ ಕೊಟ್ಟರೆ ಕನ್ನಡ ಚಿಕ್ಕದಾಗಿ ಕಾಣುತ್ತೆ, ಯಾಕೆಂದರೆ ಆ ಜಾಗದಲ್ಲೇ ಒತ್ತೂ ಹಿಡಿಸಬೇಕಲ್ವಾ? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಅಷ್ಟು ಜಾಗ ಕೊಟ್ಟರೂ ಒತ್ತಿನ ಲೆಕ್ಕ ಹಾಕದಿದ್ದರೆ ಅಕ್ಷರ ಸೊರಗಿಬಿಡುತ್ತೆ.

ಆಂಧ್ರದ ಗುಂತಕಲ್ ಕಡೆಯವರು ತೆಲುಗಲ್ಲೂ ಬರೆಸುತ್ತಾರೆ. ಎರಡೂ ಒಂದೇ ಹಳೇ ಲಿಪಿಯಿಂದ ಬಂದವು, ಮೈ ಅದೇ ದುಂಡು. ಕೈ ಬದಲಾಗೋದು ತಲಕಟ್ಟಿನಲ್ಲಿ. ಕನ್ನಡಕ್ಕೆ ಬ್ರಷ್ಷನ್ನು ಅಡ್ಡ ಎಳೆದು ತುದಿಯಲ್ಲಿ ಸುತ್ತಿಸಬೇಕು, ತೆಲುಗಿಗೆ ಸ್ವಲ್ಪ ಇಳಿದು ಚಕ್ಕಂತ ಮೇಲೇಳಬೇಕು. ದೂರದಿಂದ ನೋಡುವವರು ಇದು ಯಾವ ಲಿಪಿ ಅಂತ ಜಾಸ್ತಿ ಇದರಿಂದಲೇ ಹಿಡಿಯುತ್ತಾರೆ.

ನನಗೆ ತುಂಬಾ ಸಂಕಟ ಆಗೋದು ಫ್ಲೆಕ್ಸ್ ನೋಡಿದಾಗ. ಹೆಸರು ಉದ್ದ ಆಯ್ತು ಅಂತ ಅಕ್ಷರವನ್ನು ಎರಡೂ ಕಡೆಯಿಂದ ಅಮುಕುತ್ತಾರೆ. ದುಂಡಗಿರಬೇಕಾದ್ದು ಮೊಟ್ಟೆ ಆಗುತ್ತೆ, ಧ ಮತ್ತು ಭ ಬುಡದ ಸೀಳು, ಅಂದರೆ ಅಲ್ಲಿರೋ ಸಣ್ಣ ಗೀಟು, ಮುಚ್ಚಿಹೋಗುತ್ತೆ. ದಪ್ಪ ಅಕ್ಷರ ಬರೆಯುವಾಗ ನಾನು ಆ ಸೀಳಿನ ಎರಡೂ ಪಕ್ಕ ಹಿನ್ನೆಲೆ ಬಣ್ಣ ಕಾಣುವಷ್ಟು ಜಾಗ ಮೊದಲೇ ಬಿಟ್ಟುಕೊಂಡು, ಮೈ ಆಮೇಲೆ ತುಂಬುತ್ತೇನೆ. ಠ, ಥ ಒಳಗಿನ ಚುಕ್ಕಿಗೂ ಹಾಗೇ.

ಕಲಿಯುವವರು ರ, ಠ, ದ, ಧ, ಥ ಇಷ್ಟನ್ನು ಒಂದೇ ಸಾಲಲ್ಲಿ ದಪ್ಪಗೆ ಬರೆದು, ರಸ್ತೆ ಆಚೆ ನಿಂತು ಓದಿ. ಯಾವುದು ಯಾವುದು ಅಂತ ಅಲ್ಲಿಂದ ಗೊತ್ತಾಗದಿದ್ದರೆ ಒಳಗಿನ ಜಾಗ ಇನ್ನೂ ಬಿಡಿಸಬೇಕು.