ಹಾಳೆ ತಟ್ಟೆ ಮಾಡುವ ನಾನು ಸ್ಟೀಲ್ ತಟ್ಟೆ ತಗೊಳ್ಳಿ ಅನ್ನುವುದೇಕೆ

ನಮ್ಮದು ತೀರ್ಥಹಳ್ಳಿ ಕಡೆಯ ಊರು. ಮನೆ ಹಿಂದೆ ಅಡಿಕೆ ತೋಟ, ಪಕ್ಕದ ಶೆಡ್ಡಿನಲ್ಲಿ ಪ್ರೆಸ್. ಅಡಿಕೆ ಹಾಳೆಯಿಂದ ತಟ್ಟೆ, ದೊನ್ನೆ ಮಾಡಿ ಮಾರುತ್ತೇನೆ. ಜೊತೆಗೆ ಸ್ಟೀಲ್ ತಟ್ಟೆ, ಬಟ್ಟಲು, ಲೋಟ ಬಾಡಿಗೆಗೆ ಕೊಡುತ್ತೇನೆ. ಯಾರಾದರೂ ಹಾಳೆ ತಟ್ಟೆ ಕೇಳಿಕೊಂಡು ಬಂದರೆ ನಾನು ಮೊದಲು ಕೇಳುವುದು, "ಕಾರ್ಯಕ್ರಮ ಎಲ್ಲಿ? ಅಲ್ಲಿ ನೀರಿದೆಯಾ?" ನೀರಿದ್ದರೆ ಸ್ಟೀಲ್ ತಗೊಳ್ಳಿ ಅಂತಲೇ ಹೇಳುತ್ತೇನೆ. ನಿಮ್ಮ ಮಾಲು ನೀವೇ ಬೇಡ ಅಂದರೆ ವ್ಯಾಪಾರ ಹೇಗೆ ನಡೆಯುತ್ತೆ ಅಂತ ತುಂಬಾ ಜನ ಕೇಳಿದ್ದಾರೆ. ನಡೆಯುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಹಾಳೆಯ ವಿಷಯ. ಅಡಿಕೆ ಮರದ ಸೋಗೆ ಹಣ್ಣಾಗಿ ತಾನಾಗಿಯೇ ಬೀಳುತ್ತದೆ, ಅದರ ಬುಡದ ಅಗಲ ಭಾಗವೇ ಹಾಳೆ. ಇದಕ್ಕಾಗಿ ಮರ ಕಡಿಯಬೇಕಾಗಿಲ್ಲ, ಗಿಡ ನೆಡಬೇಕಾಗಿಲ್ಲ. ಆದರೆ "ಹೇಗಿದ್ದರೂ ಬಿದ್ದು ಕೊಳೆಯುವ ಕಸ" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಬಿದ್ದ ಸೋಗೆ, ಹಾಳೆ ತೋಟದ ಬುಡದಲ್ಲೇ ಕೊಳೆತು ಮಣ್ಣಾಗುತ್ತವೆ. ಬೇಸಿಗೆಯಲ್ಲಿ ತೇವ ಹಿಡಿದಿಡುತ್ತವೆ. ನಮ್ಮ ಕಡೆ ಹಸಿ ಹಾಳೆಯನ್ನು ಕೊಚ್ಚಿ ದನಗಳಿಗೂ ಹಾಕುತ್ತಾರೆ. ಎಲ್ಲವನ್ನೂ ಹೊತ್ತು ತಂದು ತಟ್ಟೆ ಮಾಡಿ ಬೆಂಗಳೂರಿಗೆ ಕಳಿಸಿದರೆ ತೋಟಕ್ಕೆ ಉಳಿಯುವುದೇನು? ಅದಕ್ಕೇ ನಾನು ಅಗಲವಾದ, ಕಲೆಯಿಲ್ಲದ ಹಾಳೆಗಳನ್ನಷ್ಟೇ ಆರಿಸುತ್ತೇನೆ. ಸೋಗೆಯನ್ನು ಅಲ್ಲೇ ಕತ್ತರಿಸಿ ಬುಡಕ್ಕೆ ಹಾಕಿ ಬರುತ್ತೇವೆ. ಅಕ್ಕಪಕ್ಕದ ತೋಟದವರ ಹಾಳೆಗೆ ದುಡ್ಡು ಕೊಡುತ್ತೇನೆ, ಆ ಸೋಗೆಯೂ ಅವರ ಬುಡಕ್ಕೇ.

ಹಾಳೆ ಕೂಡಿಸುವುದು ಡಿಸೆಂಬರ್‌ನಿಂದ ಮೇ ತನಕ ಮಾತ್ರ. ಮಳೆಗಾಲದಲ್ಲಿ ಬಿದ್ದ ಹಾಳೆಯನ್ನು ಮುಟ್ಟುವುದಿಲ್ಲ. ಕೊಳೆ ರೋಗ ಬಾರದ ಹಾಗೆ ಆಗ ಎಲ್ಲರೂ ಗೊನೆಗಳಿಗೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಬೆರೆಸಿದ ಆ ದ್ರಾವಣ ಗೊನೆಯಿಂದ ಹಾಳೆಯ ಮೇಲೂ ಇಳಿಯುತ್ತದೆ. ಅಂಥದರಲ್ಲಿ ಯಾರಿಗೂ ಊಟ ಹಾಕಲಾರೆ. ಜೊತೆಗೆ ಬೂಸ್ಟು. ಆಗುಂಬೆ ಪಕ್ಕದಲ್ಲಿರುವ ನಮಗೆ ಜೂನ್‌ನಿಂದ ಆಮೇಲೆ ಬಟ್ಟೆ ಒಣಗುವುದೇ ಕಷ್ಟ, ಇನ್ನು ಹಾಳೆ ಎಲ್ಲಿ ಒಣಗಬೇಕು!

ಬೇಸಿಗೆಯಲ್ಲೂ ಬಿದ್ದ ಎರಡು ಮೂರು ದಿನದೊಳಗೆ ಎತ್ತಬೇಕು. ನೆಲದಲ್ಲೇ ಬಿಟ್ಟರೆ ಕಪ್ಪು ಚುಕ್ಕೆ ಬರುತ್ತದೆ. ಅಂಗಳದಲ್ಲಿ ಗರಿಗರಿಯಾಗಿ ಒಣಗಿಸಿ ಅಟ್ಟಕ್ಕೆ ಏರಿಸುತ್ತೇವೆ. ಪ್ರೆಸ್‌ಗೆ ಹಾಕುವ ಮುಂಚೆ ನೀರಿನಲ್ಲಿ ನೆನೆಸಿ, ನಾರಿನ ಬ್ರಷ್‌ನಿಂದ ತಿಕ್ಕಿ, ಗೋಡೆಗೆ ಒರಗಿಸಿ ನೀರು ಬಸಿಯುತ್ತೇವೆ. ಎಷ್ಟು ಹೊತ್ತು ನೆನೆಯಬೇಕು ಅನ್ನುವುದಕ್ಕೆ ಗಡಿಯಾರಕ್ಕಿಂತ ಕೈಯೇ ಸರಿ. ತುದಿ ಹಿಡಿದು ಮಡಚಿದರೆ ಬಿರುಕು ಬಿಡದೆ ಬಾಗಬೇಕು, ಆದರೆ ಹಿಂಡಿದರೆ ನೀರು ಜಿನುಗಬಾರದು. ನೀರು ಜಾಸ್ತಿಯಾದರೆ ಅಚ್ಚಿನಲ್ಲಿ ಹಬೆ ಸಿಕ್ಕಿಕೊಂಡು ತಟ್ಟೆ ಉಬ್ಬುತ್ತದೆ, ಕಡಿಮೆಯಾದರೆ ಅಂಚು ಸೀಳುತ್ತದೆ. ಹಾಳೆಯ ಒಳಮೈ ನುಣುಪಾಗಿ, ಕೆನೆ ಬಣ್ಣಕ್ಕಿರುತ್ತದೆ. ಅದು ಊಟದ ಕಡೆಗೆ ಬರುವಂತೆ ಇಟ್ಟು ಬಿಸಿ ಅಚ್ಚನ್ನು ಒತ್ತಿದರೆ ಸುಮಾರು ಒಂದು ನಿಮಿಷದಲ್ಲಿ ತಟ್ಟೆ ಸಿದ್ಧ. ಅಂಟಿಲ್ಲ, ಬಣ್ಣವಿಲ್ಲ. ಮೊದಲು ದೊಡ್ಡ ತಟ್ಟೆ ತೆಗೆದು, ಉಳಿದ ಜಾಗದಲ್ಲಿ ದೊನ್ನೆ ಒತ್ತುತ್ತೇವೆ. ಆಮೇಲೂ ಉಳಿದ ಚೂರುಗಳಲ್ಲಿ ಸ್ವಲ್ಪ ಗೊಬ್ಬರದ ಗುಂಡಿಗೆ, ಚೆನ್ನಾಗಿ ಒಣಗಿದ್ದು ಬಚ್ಚಲ ಒಲೆಗೆ. ಒಲೆಯ ಬೂದಿ ಎಲ್ಲಿಗೆ ಹೋಗುತ್ತದೆ ಅಂತ ಆಮೇಲೆ ಹೇಳುತ್ತೇನೆ.

ಪ್ಯಾಕಿಂಗ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅಂಗಡಿಗಳಲ್ಲಿ ನೋಡಿ, ಪರಿಸರಸ್ನೇಹಿ ಅಂತ ಬರೆದ ಹಾಳೆ ತಟ್ಟೆಗಳನ್ನೂ ತೆಳು ಪ್ಲಾಸ್ಟಿಕ್‌ನಲ್ಲೇ ಬಿಗಿದಿರುತ್ತಾರೆ. ಊಟ ಮುಗಿದ ಮೇಲೆ ತಟ್ಟೆ ಮಣ್ಣಿಗೆ ಸೇರುತ್ತದೆ, ಹೊದಿಕೆ ಚರಂಡಿಯಲ್ಲಿ ಉಳಿಯುತ್ತದೆ. ಹಾಗೆ ಸುತ್ತುವುದು ತೇವ ತಾಗದಿರಲಿ ಅಂತ, ಅದು ನಿಜ. ಆದರೆ ಹತ್ತಿರದವರಿಗೆ, ಒಣ ಕಾಲದಲ್ಲಿ ಮಾರಿದರೆ ಅದರ ಅಗತ್ಯವೇ ಬೀಳುವುದಿಲ್ಲ. ನಾನು ಬಾಳೆನಾರಿನಲ್ಲಿ ಕಟ್ಟಿ, ಗೋಣಿಚೀಲಕ್ಕೆ ತುಂಬಿ ಕಳಿಸುತ್ತೇನೆ. ಶಿವಮೊಗ್ಗ, ಶೃಂಗೇರಿ, ಕೊಪ್ಪ, ಅಷ್ಟೇ ನನ್ನ ಮಾರುಕಟ್ಟೆ. ಚೀಲ ವಾಪಸ್ ಕೊಟ್ಟವರಿಗೆ ಬಿಲ್ಲಿನಲ್ಲಿ ಕಡಿತ. ಚೀಲಗಳು ತಿರುಗಿ ಬರುತ್ತವೆ.

ಈಗ ಸ್ಟೀಲ್ ವಿಷಯಕ್ಕೆ ಬರೋಣ. ಮಲೆನಾಡಿನಲ್ಲಿ ಮದುವೆ ಊಟಕ್ಕೆ ಬಾಳೆ ಎಲೆ ಇದ್ದೇ ಇದೆ, ಅದಕ್ಕೆ ಸಮ ಯಾವುದೂ ಇಲ್ಲ. ಕಸ ಏಳುವುದು ಬೆಳಗಿನ ತಿಂಡಿ, ಬಫೆ, ಸಂಜೆಯ ಕಾಫಿಯಲ್ಲಿ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ತಟ್ಟೆ, ಲೋಟ ನಿಷೇಧವಾಯಿತು. 2022ರ ಜುಲೈ 1ರಿಂದ ದೇಶಕ್ಕೆಲ್ಲ ಬಂತು. ಆ ಜಾಗಕ್ಕೆ ಬಂದದ್ದು ಒಳಗೆ ತೆಳು ಪ್ಲಾಸ್ಟಿಕ್ ಪದರವಿರುವ ಕಾಗದದ ಲೋಟ. ಅದು ಗೊಬ್ಬರವೂ ಆಗುವುದಿಲ್ಲ, ರದ್ದಿಗೂ ಹೋಗುವುದಿಲ್ಲ. ಹಾಳೆಯಲ್ಲಿ ಕಾಫಿ ಲೋಟ ಮಾಡಲು ಬರುವುದಿಲ್ಲ. ಬಂದರೂ ನಾನು ಮಾಡುತ್ತಿರಲಿಲ್ಲ. ಹತ್ತು ನಿಮಿಷದ ಕಾಫಿಗೆ ಹೊಸ ವಸ್ತು ಯಾಕೆ ಬೇಕು? ತೊಳೆದರೆ ಸಾಕಲ್ವಾ?

ಇನ್ನೊಂದು ಕಾರಣವೂ ಇದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯಲ್ಲಿರುವ ಹಾನಿಕರ ರಾಸಾಯನಿಕವಾದ ಅರೆಕೊಲಿನ್‌ನಂಥ ಅಂಶಗಳು ಆಹಾರಕ್ಕೆ ಇಳಿಯಬಹುದು ಅಂತ ಹೇಳಿ, ಅವನ್ನು ಮಾರಬೇಡಿ ಎಂದು ಅಲ್ಲಿನ ಅಂಗಡಿಯವರಿಗೆ ತಿಳಿಸಿತು. ರಫ್ತು ನಂಬಿದ್ದವರಿಗೆ ದೊಡ್ಡ ಪೆಟ್ಟು. ನಾನು ಇದನ್ನು ಗಿರಾಕಿಗಳಿಂದ ಮುಚ್ಚಿಡುವುದಿಲ್ಲ. ಬಿಸಿ ಸಾರು, ಪಾಯಸ ಸ್ಟೀಲ್ ಬಟ್ಟಲಿಗೇ ಹಾಕಿ, ಹಾಳೆ ತಟ್ಟೆಯನ್ನು ಒಣ ತಿಂಡಿಗೆ, ಪ್ರಸಾದಕ್ಕೆ ಇಟ್ಟುಕೊಳ್ಳಿ ಅಂತ ಹೇಳಿಯೇ ಕೊಡುತ್ತೇನೆ. ಗುಡ್ಡದ ಮೇಲಿನ ಪೂಜೆ, ದಾರಿಯಲ್ಲಿ ನಡೆಯುವ ಅನ್ನದಾನ, ನೀರು ಹೊತ್ತು ಹೋಗಬೇಕಾದ ಕಡೆ ಹಾಳೆ ತಟ್ಟೆಗೆ ಈಗಲೂ ಅದರದೇ ಜಾಗ ಇದೆ.

ಜನ ಸ್ಟೀಲ್ ಬೇಡ ಅನ್ನುವುದು ತೊಳೆಯುವ ಭಯಕ್ಕೆ. ಹಾಗಾಗಿ ತೊಳೆಯುವ ಕೆಲಸ ನಮ್ಮದೇ, ಬಾಡಿಗೆಯಲ್ಲೇ ಸೇರಿದೆ. ಊರಿನ ಹೆಂಗಸರು ಸೇರಿ ಮಾಡುತ್ತೇವೆ, ಕೂಲಿ ಅವತ್ತೇ ಕೊಡುತ್ತೇನೆ. ಎಂಜಲು ಮೊದಲು ಒಂದು ಬಕೆಟ್‌ಗೆ, ಅದು ಗೊಬ್ಬರದ ಗುಂಡಿಗೆ. ಆಮೇಲೆ ಮೂರು ದೊಡ್ಡ ಟಬ್. ಮೊದಲನೆಯದರಲ್ಲಿ ಸುಮ್ನೆ ನೆನೆಸಿ ಜಾಲಾಡುವುದು. ಎರಡನೆಯದರ ಪಕ್ಕ ಕೂತು ಅಂಟುವಾಳದ ನೀರು, ಬಚ್ಚಲ ಒಲೆಯ ಜರಡಿ ಹಿಡಿದ ಬೂದಿ ಹಾಕಿ ತಿಕ್ಕುವುದು. ಮೂರನೆಯದು ಬರೀ ಶುದ್ಧ ನೀರು. ಮೊದಲ ಟಬ್ ಕೊಳೆಯಾದಾಗ ಅದನ್ನು ಬಾಳೆ ಬುಡಕ್ಕೆ ಚೆಲ್ಲಿ, ಮೂರನೆಯದರ ನೀರನ್ನು ಅದಕ್ಕೆ ಸುರಿಯುತ್ತೇವೆ. ಮೂರನೆಯದಕ್ಕೆ ಮಾತ್ರ ಹೊಸ ನೀರು. ನಲ್ಲಿ ಬಿಟ್ಟುಕೊಂಡು ಒಂದೊಂದೇ ತಟ್ಟೆ ತೊಳೆಯುವುದಕ್ಕೆ ಹೋಲಿಸಿದರೆ ನೀರು ತುಂಬಾ ಉಳಿಯುತ್ತದೆ. ಕೊನೆಗೆ ಕುದಿಯುವ ನೀರು ಹೊಯ್ದು ಬಿಸಿಲಿಗೆ ಬೋರಲು ಹಾಕುವುದು. ಅಂಟುವಾಳವನ್ನು ಬೀಜ ತೆಗೆದು, ಹಿಂದಿನ ರಾತ್ರಿಯೇ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಬೇಕು. ನೊರೆ ಸೋಪಿನಷ್ಟು ಏಳುವುದಿಲ್ಲ, ಜಿಡ್ಡು ಮಾತ್ರ ಹೋಗುತ್ತದೆ. ಗಿಡಕ್ಕೆ ಹೋಗುವ ನೀರಿನಲ್ಲಿ ಡಿಟರ್ಜೆಂಟ್ ಇರಬಾರದು ಅನ್ನುವುದೇ ಇಷ್ಟೆಲ್ಲ ಮಾಡುವುದಕ್ಕೆ ಕಾರಣ.

ದುಡ್ಡಿನ ಲೆಕ್ಕ ಹೇಳದೆ ಹೋದರೆ ಅರ್ಧ ಮಾತು. ಪ್ರೆಸ್‌ಗೆ ಪಿಎಂಇಜಿಪಿ ಸಾಲ ತಗೊಂಡೆ, ಅದು ಹೊಸದಾಗಿ ಉದ್ದಿಮೆ ಶುರು ಮಾಡುವವರಿಗೆ ಇರುವ ಕೇಂದ್ರ ಸರ್ಕಾರದ ಯೋಜನೆ. ಹಳ್ಳಿಯಲ್ಲಿ ಉದ್ದಿಮೆ ಮಾಡುವ ಹೆಂಗಸರಿಗೆ ಅದರಲ್ಲಿ ಯೋಜನಾ ವೆಚ್ಚದ ಶೇ. 35 ಸಬ್ಸಿಡಿ ಆಗ ಇತ್ತು, ನಮ್ಮ ಕೈಯಿಂದ ಶೇ. 5 ಹಾಕಬೇಕಿತ್ತು. ಎಲೆಯಿಂದ ಮಾಡಿದ ತಟ್ಟೆ, ದೊನ್ನೆಗೆ 2019ರ ಅಕ್ಟೋಬರ್‌ನಿಂದ ಜಿಎಸ್‌ಟಿ ಇಲ್ಲ. ಹಾಳೆ ತಟ್ಟೆಯಲ್ಲಿ ಲಾಭ ತೆಳುವು, ಒಮ್ಮೆ ಮಾರಿದರೆ ಮುಗಿಯಿತು. ಸ್ಟೀಲ್ ತಟ್ಟೆ ಹಾಗಲ್ಲ, ಹಾಕಿದ ದುಡ್ಡು ಹುಟ್ಟಿದ ಮೇಲೂ ದುಡಿಯುತ್ತದೆ. ಗಿರಾಕಿಗೂ ಹೊಸ ತಟ್ಟೆ ಕೊಳ್ಳುವುದಕ್ಕಿಂತ ಬಾಡಿಗೆಯೇ ಅಗ್ಗ. ಹಾಗಾಗಿ "ಸ್ಟೀಲ್ ತಗೊಳ್ಳಿ" ಅನ್ನುವಾಗ ನಾನೇನೂ ತ್ಯಾಗ ಮಾಡುತ್ತಿಲ್ಲ. ಮಳೆಗಾಲದಲ್ಲಿ ಎರಡೂ ನಿಂತಿರುತ್ತವೆ, ಆಷಾಢದಲ್ಲಿ ಮದುವೆಯೂ ಇಲ್ಲ. ಆ ತಿಂಗಳುಗಳಲ್ಲಿ ತೋಟದ ಕೆಲಸ, ಪ್ರೆಸ್‌ನ ರಿಪೇರಿ.

ಹೋದ ವರ್ಷ ಪಕ್ಕದ ಊರಿನ ದೇವಸ್ಥಾನದವರು ನಮ್ಮಿಂದ ಬಾಡಿಗೆ ತಗೊಳ್ಳುವುದು ನಿಲ್ಲಿಸಿ ತಮ್ಮದೇ ತಟ್ಟೆಗಳನ್ನು ಕೊಂಡರು. ಯಾವುದು ತಗೊಳ್ಳಬೇಕು ಅಂತ ಕೇಳಲು ನಮ್ಮಲ್ಲಿಗೇ ಬಂದಿದ್ದರು, ನನಗೆ ಖುಷಿಯೇ ಆಯಿತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅಂಚು ಸುರುಳಿ ಮಡಚಿದ ತಟ್ಟೆ ಬೇಡ, ಆ ಸಂದಿಯಲ್ಲಿ ನೀರು, ಜಿಡ್ಡು ಕೂರುತ್ತದೆ. ಖಾನೆಗಳಿರುವ ತಟ್ಟೆಯೂ ಬೇಡ, ಮೂಲೆ ತಿಕ್ಕುವಷ್ಟರಲ್ಲಿ ಎರಡು ಸಾದಾ ತಟ್ಟೆ ತೊಳೆಯಬಹುದು. ಒಂದರೊಳಗೊಂದು ಸರಿಯಾಗಿ ಕೂರುತ್ತವಾ ಅಂತ ಅಂಗಡಿಯಲ್ಲೇ ಪೇರಿಸಿ ನೋಡಿ. ತಂದ ದಿನವೇ ಹಿಂಬದಿಗೆ ಹೆಸರು ಕೊರೆಸಿಬಿಡಿ, ಇಲ್ಲದಿದ್ದರೆ ಮೊದಲ ಜಾತ್ರೆಯಲ್ಲೇ ಅರ್ಧ ತಟ್ಟೆಗಳು ಊರ ಮನೆಗಳಿಗೆ ಹಂಚಿಹೋಗುತ್ತವೆ.